ಎರಡನೇ ಅಧ್ಯಾಯ: ಕಾರ್ಯತಂತ್ರದ ಓದು, ಕಬ್ಬಿನ ಸೀಮೆ

ವಾಣಿಜ್ಯ ಮತ್ತು ಮ್ಯಾನೇಜ್‌ಮೆಂಟ್ ವಿಷಯದ ಪಿಎಚ್‌.ಡಿ. ಮಹಾಪ್ರಬಂಧಗಳು ಈಗ ‘ಶೋಧಗಂಗಾ’ ಎಂಬ ಆನ್‌ಲೈನ್ ಭಂಡಾರದಲ್ಲಿ ಯಾರು ಬೇಕಾದರೂ ಓದಲು ಸಿಗುತ್ತವೆ. ಅಲ್ಲಿ ಎರಡನೇ ಅಧ್ಯಾಯಗಳನ್ನಷ್ಟೇ ಸಾಲಾಗಿ ಓದುತ್ತ ಹೋದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಒಬ್ಬ ಲೇಖಕ, ಒಂದು ಇಸವಿ, ಆತ ಎಷ್ಟು ಜನರಿಗೆ ಪ್ರಶ್ನಾವಳಿ ಹಂಚಿದ, ಏನು ಕಂಡುಕೊಂಡ ಎಂಬ ನಾಲ್ಕು ಸಾಲು. ಅದು ಮುಗಿದರೆ ಮುಂದಿನ ಲೇಖಕ. ಹೀಗೆ ಐವತ್ತು, ಅರುವತ್ತು ಪುಟ. ಕೊನೆಗೆ, ಈ ಜಿಲ್ಲೆಯಲ್ಲಿ ಇಂಥ ಅಧ್ಯಯನ ನಡೆದಿಲ್ಲವಾದ್ದರಿಂದ ಈ ಸಂಶೋಧನೆ ಅಗತ್ಯ ಎಂಬ ಒಂದು ವಾಕ್ಯ. ಹೆಸರು ಸಾಹಿತ್ಯ ಸಮೀಕ್ಷೆ ಎಂದಿರುತ್ತದೆ, ಒಳಗಿರುವುದು ಹಾಜರಿ ಪುಸ್ತಕ.

ಇದಕ್ಕೆ ಸಂಶೋಧನಾರ್ಥಿಯನ್ನೇ ದೂರುವುದು ನ್ಯಾಯವಲ್ಲ. ನಮ್ಮ ಬೆಳಗಾವಿ ಭಾಗದಲ್ಲಿ ಪಿಎಚ್‌.ಡಿ.ಗೆ ಹೆಸರು ಹಚ್ಚುವವರಲ್ಲಿ ಅನೇಕರು ಅತಿಥಿ ಉಪನ್ಯಾಸಕರು, ಬ್ಯಾಂಕ್ ನೌಕರರು, ಮನೆಯ ಹೊಲ ನೋಡಿಕೊಳ್ಳುತ್ತಲೇ ಓದುವವರು. ಪದವಿಯವರೆಗೆ ಕನ್ನಡದಲ್ಲಿ ಯೋಚಿಸಿದವರ ಕೈಗೆ ಇಂಗ್ಲಿಷಿನ ಕಠಿಣ ಪ್ರಬಂಧಗಳು ಒಮ್ಮೆಲೇ ಬಂದು ಬೀಳುತ್ತವೆ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ ಎಂದು ಯುಜಿಸಿ 2022ರ ನಿಯಮದಲ್ಲಿ ಗಡುವು ಹಾಕಿದೆ. ಕೃತಿಚೌರ್ಯ ತಡೆಯಲು 2018ರಲ್ಲಿ ಬಂದ ನಿಯಮದಂತೆ ಹೋಲಿಕೆ ಶೇ 10ರೊಳಗೆ ಇದ್ದರೆ ತೊಂದರೆ ಇಲ್ಲ, ಮೀರಿದರೆ ತಿದ್ದಿ ಕೊಡಬೇಕು. ಒಳ್ಳೆಯ ನಿಯಮ. ಆದರೆ ಅದರ ಭಯದಲ್ಲಿ ಓದುವ ಹೊತ್ತೆಲ್ಲ ಶಬ್ದ ಬದಲಿಸುವುದಕ್ಕೆ ಹೋಗುತ್ತದೆ. ಒಬ್ಬ ಲೇಖಕ ಇನ್ನೊಬ್ಬನನ್ನು ಒಪ್ಪುತ್ತಾನೋ, ಅಲ್ಲಗಳೆಯುತ್ತಾನೋ ಎಂದು ನೋಡುವಷ್ಟು ವ್ಯವಧಾನ ಉಳಿಯುವುದಿಲ್ಲ.

ವ್ಯವಹಾರ ನಿರ್ಧಾರ ಮತ್ತು ಕಾರ್ಯತಂತ್ರವೆಂಬ ವಿಷಯದಲ್ಲಿ ಈ ಕೊರತೆ ಹೆಚ್ಚು ನೋಯಿಸುತ್ತದೆ. ಏಕೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಈ ವಿಷಯ ಪುಸ್ತಕದಿಂದ ಎದ್ದು ಬಂದು ಕಣ್ಣೆದುರೇ ನಿಂತಿದೆ. ಮಲಪ್ರಭೆಯ ದಂಡೆಯ ಸಂಗೊಳ್ಳಿಯಲ್ಲಿ ಕಬ್ಬು ಬೆಳೆದವನು ಹಂಗಾಮು ಶುರುವಾದೊಡನೆ ಯಾವ ಕಾರ್ಖಾನೆಗೆ ಕಬ್ಬು ಕಳಿಸಬೇಕೆಂದು ತೀರ್ಮಾನಿಸಲೇಬೇಕು. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರ್ಖಾನೆಯಲ್ಲೋ ಬೈಲಹೊಂಗಲದ ಸೋಮೇಶ್ವರ ಸಹಕಾರಿಯಲ್ಲೋ ಅಪ್ಪನ ಕಾಲದ ಶೇರು ಇರುತ್ತದೆ. ಖಾಸಗಿಯವರ ಬಿಲ್ಲು ಯಾವಾಗ ಬರುತ್ತದೆ ಎಂಬ ಲೆಕ್ಕ ಬೇರೆ. ಕಟಾವಿನ ಗ್ಯಾಂಗ್ ಮೊದಲು ಯಾರದು ಸಿಗುತ್ತದೆ ಎಂಬುದು ಇನ್ನೊಂದು. ಕಡಿದ ಕಬ್ಬು ಹೊಲದಲ್ಲಿ ಬಿದ್ದಷ್ಟೂ ತೂಕ ಇಳಿಯುತ್ತದೆ, ಸಕ್ಕರೆ ಅಂಶ ಕುಗ್ಗುತ್ತದೆ. ಎಲ್ಲ ಮಾಹಿತಿ ಕೂಡಿಸಿ, ತೂಗಿ, ಅತ್ಯುತ್ತಮವಾದುದನ್ನು ಆರಿಸುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಹರ್ಬರ್ಟ್ ಸೈಮನ್ ಹೇಳಿದ್ದು ಇದನ್ನೇ. ಆತನ ವಿಚಾರ ಹುಟ್ಟಿದ್ದು ದೊಡ್ಡ ಕಂಪನಿಯಲ್ಲಲ್ಲ. ಅಮೆರಿಕದ ಮಿಲ್ವಾಕಿ ನಗರದಲ್ಲಿ ಮಕ್ಕಳ ಆಟದ ಮೈದಾನಗಳಿಗೆ ದುಡ್ಡು ಹಂಚುವ ವಿಷಯದಲ್ಲಿ ಎರಡು ಇಲಾಖೆಗಳು ಜಗಳಾಡುತ್ತಿದ್ದುದನ್ನು ವಿದ್ಯಾರ್ಥಿಯಾಗಿ ನೋಡಿದಾಗ. ಮೈದಾನದ ದುರಸ್ತಿಗೆ ಎಷ್ಟು, ಮೇಲ್ವಿಚಾರಕರಿಗೆ ಎಷ್ಟು ಎಂದು ಅಲ್ಲಿ ಯಾರೂ ಅರ್ಥಶಾಸ್ತ್ರದ ಪುಸ್ತಕದಂತೆ ಲೆಕ್ಕ ಹಾಕುತ್ತಿರಲಿಲ್ಲ. ಮನುಷ್ಯನ ವಿವೇಚನೆಗೆ ಮಿತಿ ಇದೆ, ಸಾಕು ಎನ್ನುವಷ್ಟು ಒಳ್ಳೆಯದು ಸಿಕ್ಕ ಕೂಡಲೇ ಆತ ಹುಡುಕಾಟ ನಿಲ್ಲಿಸುತ್ತಾನೆ ಎಂಬ ಸೈಮನ್‌ನ ವಾದ 1947ರ ಪುಸ್ತಕದಲ್ಲಿ, ಮುಂದೆ 1955ರ ಪ್ರಬಂಧದಲ್ಲಿ ಬೆಳೆಯಿತು. 1978ರಲ್ಲಿ ಆತನಿಗೆ ನೊಬೆಲ್ ಬಂತು. ನಿರ್ಧಾರದ ಬಗ್ಗೆ ಅಲ್ಲಿಂದೀಚೆಗೆ ಬಂದ ಸಾಹಿತ್ಯ ಬಹುಮಟ್ಟಿಗೆ ಆತನೊಂದಿಗಿನ ಸಂವಾದ. ಸೈರ್ಟ್ ಮತ್ತು ಮಾರ್ಚ್ 1963ರಲ್ಲಿ ಕಂಪನಿ ಎಂದರೆ ಒಂದೇ ಮನಸ್ಸಲ್ಲ, ಬೇರೆಬೇರೆ ಹಿತಾಸಕ್ತಿಗಳ ಕೂಟ ಎಂದರು. ಲಿಂಡ್‌ಬ್ಲೋಮ್ 1959ರಲ್ಲೇ, ಆಡಳಿತಗಾರರು ಸಣ್ಣಸಣ್ಣ ಹೆಜ್ಜೆ ಇಡುತ್ತ ದಾರಿ ಮಾಡಿಕೊಳ್ಳುತ್ತಾರೆ ಎಂದಿದ್ದ. ಕಾನೆಮನ್ ಮತ್ತು ಟ್ವೆರ್‌ಸ್ಕಿ ಮನಸ್ಸು ಎಲ್ಲೆಲ್ಲಿ ವಾಲುತ್ತದೆ ಎಂದು ಪ್ರಯೋಗ ಮಾಡಿ ತೋರಿಸಿದರು.

ಈ ಹೆಸರುಗಳನ್ನು ಕ್ರಮವಾಗಿ ಬರೆಯುವುದು ಕಷ್ಟವಲ್ಲ. ಅವರಲ್ಲಿ ಜಗಳ ಎಲ್ಲಿದೆ ಎಂದು ಹುಡುಕುವುದರಲ್ಲಿ ಕಷ್ಟವಿದೆ, ಸಮೀಕ್ಷೆಯ ಜೀವವೂ ಅಲ್ಲೇ ಇದೆ. ಒಂದು ಜಗಳವನ್ನು ಹತ್ತಿರದಿಂದ ನೋಡೋಣ.

1984ರಲ್ಲಿ ಫ್ರೆಡ್ರಿಕ್ಸನ್ ಒಂದು ಪ್ರಶ್ನೆ ಕೇಳಿಕೊಂಡ: ನಿರ್ಧಾರಕ್ಕೆ ಮುಂಚೆ ಎಲ್ಲ ಪರ್ಯಾಯಗಳನ್ನೂ ಕೂಲಂಕಷವಾಗಿ ಪರಿಶೀಲಿಸುವ ಕಂಪನಿ ಹೆಚ್ಚು ಚೆನ್ನಾಗಿ ನಡೆಯುತ್ತದೆಯೇ? ಬಣ್ಣ ತಯಾರಿಸುವ, ಅಷ್ಟಾಗಿ ಏರುಪೇರಿಲ್ಲದ ಉದ್ಯಮದಲ್ಲಿ ಹೌದು ಎಂಬ ಉತ್ತರ ಬಂತು. ಅದೇ ವರ್ಷ ಮಿಚೆಲ್ ಜೊತೆಗೂಡಿ ಮರಮುಟ್ಟಿನ ಏರುಪೇರಿನ ಉದ್ಯಮವನ್ನು ನೋಡಿದಾಗ ಉತ್ತರ ತಿರುವುಮುರುವಾಯಿತು: ಅಲ್ಲಿ ಕೂಲಂಕಷ ಪರಿಶೀಲನೆ ಹೆಚ್ಚಿದಷ್ಟೂ ಫಲಿತಾಂಶ ಕೆಟ್ಟಿತ್ತು. ಹಾಗಾದರೆ ಅಸ್ಥಿರ ಉದ್ಯಮದಲ್ಲಿ ಯೋಚಿಸುತ್ತ ಕೂಡಬಾರದು ಎಂದಾಯಿತೆ? ಐದು ವರ್ಷದ ನಂತರ ಕ್ಯಾಥ್ಲೀನ್ ಐಸೆನ್‌ಹಾರ್ಟ್ ಎಂಟು ಮೈಕ್ರೋಕಂಪ್ಯೂಟರ್ ಕಂಪನಿಗಳ ಒಳಹೊಕ್ಕು ನೋಡಿದರು. ಅದಕ್ಕಿಂತ ಅಸ್ಥಿರವಾದ ಉದ್ಯಮ ಆಗ ಇರಲಿಕ್ಕಿಲ್ಲ. ಅಲ್ಲಿ ಬೇಗ ನಿರ್ಧರಿಸಿ ಗೆದ್ದವರು ಕಡಿಮೆ ಮಾಹಿತಿ ಬಳಸಿದವರಲ್ಲ, ಹೆಚ್ಚು ಬಳಸಿದವರು. ಒಂದೇ ಪರ್ಯಾಯ ಹಿಡಿದು ಕೂತವರಲ್ಲ, ಹಲವನ್ನು ಒಟ್ಟಿಗೆ ತೂಗಿದವರು. ಅವರ ನೋಟ ಮುಂದಿನ ಐದು ವರ್ಷದ ಯೋಜನೆಯ ಮೇಲಿರಲಿಲ್ಲ, ಈ ದಿನದ ಅಂಕಿಅಂಶದ ಮೇಲಿತ್ತು.

ಹಾಜರಿ ಪುಸ್ತಕದ ಮಾದರಿಯಲ್ಲಿ ಇವು ಮೂರು ಪ್ರತ್ಯೇಕ ಪ್ಯಾರಾಗಳಾಗಿ ಸತ್ತುಹೋಗುತ್ತವೆ. ಒಟ್ಟಿಗೆ ಇಟ್ಟರೆ ಪ್ರಶ್ನೆ ತಾನೇ ಹುಟ್ಟುತ್ತದೆ. ಬೆಳಗಾವಿ ಜಿಲ್ಲೆಯ ಸಕ್ಕರೆ ಉದ್ಯಮ ಸ್ಥಿರವೋ, ಅಸ್ಥಿರವೋ? ಸಕ್ಕರೆಯ ಬೇಡಿಕೆ ವರ್ಷದಿಂದ ವರ್ಷಕ್ಕೆ ಹೆಚ್ಚು ಅಲ್ಲಾಡುವುದಿಲ್ಲ. ಕಬ್ಬು ಮಳೆಯ ಮೇಲೆ, ನವಿಲುತೀರ್ಥ ಜಲಾಶಯದ ನೀರಿನ ಮೇಲೆ ನಿಂತಿದೆ. ಸರ್ಕಾರದ ನೀತಿಯಂತೂ ಹಂಗಾಮಿನ ನಡುವೆಯೇ ಬದಲಾಗುತ್ತದೆ. 2018ರ ಜೈವಿಕ ಇಂಧನ ನೀತಿಯನ್ನು ನಂಬಿ ಕಾರ್ಖಾನೆಗಳು ಸಾಲ ತಂದು ಡಿಸ್ಟಿಲರಿ ಕಟ್ಟಿದವು. 2023ರ ಡಿಸೆಂಬರ್ ಮೊದಲ ವಾರ, ಕಬ್ಬು ನುರಿಸುವ ಕೆಲಸ ಭರದಿಂದ ನಡೆದಿದ್ದಾಗ, ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡಬೇಡಿ ಎಂದು ಕೇಂದ್ರದ ಆದೇಶ ಬಂತು. ಕೆಲವೇ ದಿನಗಳಲ್ಲಿ ಸ್ವಲ್ಪ ಸಡಿಲವಾಯಿತು. 2024ರ ಆಗಸ್ಟ್‌ನಲ್ಲಿ ನಿರ್ಬಂಧ ತೆರವಾಯಿತು. ಅಂದರೆ ಒಂದೇ ಕಾರ್ಖಾನೆಯ ಒಂದು ಭಾಗ ಬಣ್ಣದ ಉದ್ಯಮದಂತಿದ್ದರೆ ಇನ್ನೊಂದು ಭಾಗ ಕಂಪ್ಯೂಟರ್ ಉದ್ಯಮದಂತಿದೆ. ಒಂದು ಉದ್ಯಮ ಒಂದೋ ಸ್ಥಿರ, ಇಲ್ಲವೇ ಅಸ್ಥಿರ ಎಂದು ಆ ಅಧ್ಯಯನಗಳು ಹಿಡಿದ ಗ್ರಹಿಕೆ ಇಲ್ಲಿ ಒಡೆಯುತ್ತದೆ. ಈ ಜಿಲ್ಲೆಯಲ್ಲಿ ಅಧ್ಯಯನ ನಡೆದಿಲ್ಲ ಎಂಬ ಸಬೂಬಿಗಿಂತ ಇದು ಸಾವಿರ ಪಾಲು ಗಟ್ಟಿಯಾದ ಸಂಶೋಧನಾ ಅಂತರ.

ಕಾರ್ಯತಂತ್ರದ ಸಾಹಿತ್ಯಕ್ಕೆ ಬಂದರೆ, ಅದರ ಹೆದ್ದಾರಿ ಎಲ್ಲರಿಗೂ ಪರಿಚಿತ. 1962ರಲ್ಲಿ ಚಾಂಡ್ಲರ್, 1965ರಲ್ಲಿ ಆನ್ಸಾಫ್, 1980ರಲ್ಲಿ ಪೋರ್ಟರ್, 1991ರಲ್ಲಿ ಬಾರ್ನಿ, 1997ರಲ್ಲಿ ಟೀಸ್ ಮತ್ತು ಸಂಗಡಿಗರು. ಬದಿಯಲ್ಲಿ ನಿಂತು, ಕಾರ್ಯತಂತ್ರ ಮೊದಲೇ ಬರೆದಿಟ್ಟ ಯೋಜನೆಯಷ್ಟೇ ಅಲ್ಲ, ಮಾಡುತ್ತ ಮಾಡುತ್ತ ಮೂಡುವ ಜಾಡೂ ಹೌದು ಎಂದು ತಕರಾರು ತೆಗೆದವನು ಮಿಂಟ್ಸ್‌ಬರ್ಗ್. ಇವರನ್ನು ಓದದೆ ಗತಿಯಿಲ್ಲ. ಆದರೆ ಓದುವಾಗ ನಮ್ಮ ನೆಲದ ಪ್ರಶ್ನೆ ಕೈಯಲ್ಲಿರಬೇಕು. ಪೋರ್ಟರ್‌ನ ಪೈಪೋಟಿ ಅಳೆಯುವ ಐದು ಶಕ್ತಿಗಳ ಚೌಕಟ್ಟನ್ನು ಸಕ್ಕರೆಗೆ ಹಚ್ಚಿ ನೋಡಿ. ಕಚ್ಚಾ ಮಾಲಿನ ಕನಿಷ್ಠ ಬೆಲೆ ಎಫ್‌ಆರ್‌ಪಿ ಹೆಸರಿನಲ್ಲಿ ದೆಹಲಿಯಲ್ಲಿ ಗೊತ್ತಾಗುತ್ತದೆ. 2025-26ರ ಹಂಗಾಮಿಗೆ ಶೇ 10.25 ಇಳುವರಿಯ ಮೇಲೆ ಕ್ವಿಂಟಲ್‌ಗೆ 355 ರೂಪಾಯಿ. ಸಕ್ಕರೆಯ ಕನಿಷ್ಠ ಮಾರಾಟ ಬೆಲೆ 2019ರಲ್ಲಿ ಕಿಲೋಗೆ 31 ರೂಪಾಯಿ ಎಂದು ನಿಗದಿಯಾಯಿತು. ತಿಂಗಳಿಗೆ ಎಷ್ಟು ಸಕ್ಕರೆ ಮಾರಬೇಕೆಂಬ ಕೋಟಾವೂ ಸರ್ಕಾರದ್ದೇ. ಎರಡು ಕಾರ್ಖಾನೆಗಳ ನಡುವೆ ಇರಬೇಕಾದ ಕನಿಷ್ಠ ಅಂತರವೂ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಪೂರೈಕೆದಾರ, ಗ್ರಾಹಕ, ಹೊಸ ಪ್ರವೇಶ ಎಂಬ ಮೂರು ಬಾಗಿಲುಗಳ ಬೀಗದ ಕೈ ಒಬ್ಬರ ಹತ್ತಿರವೇ ಇದ್ದಾಗ ಕಾರ್ಯತಂತ್ರಕ್ಕೆ ಉಳಿಯುವ ಜಾಗ ಎಷ್ಟು, ಎಲ್ಲಿ? ಈ ಪ್ರಶ್ನೆ ಕೇಳದೆ ಪೋರ್ಟರ್‌ನ ಚಿತ್ರವನ್ನು ಪ್ರಬಂಧದಲ್ಲಿ ಅಚ್ಚು ಹಾಕುವುದರಿಂದ ಯಾರಿಗೂ ಉಪಯೋಗವಿಲ್ಲ.

ನನ್ನ ಮುಖ್ಯ ತಕರಾರು ಇನ್ನೂ ಮುಂದಿದೆ. ನಮ್ಮ ಸೀಮೆಯ ವ್ಯವಹಾರ ನಿರ್ಧಾರಗಳ ಬಗ್ಗೆ ಅತ್ಯುತ್ತಮ ಸಂಶೋಧನೆ ಆಗಲೇ ನಡೆದಿದೆ. ಆದರೆ ಅದು ‘ಕಾರ್ಯತಂತ್ರ’ದ ಕಪಾಟಿನಲ್ಲಿಲ್ಲ. ಸಮಾಜಶಾಸ್ತ್ರದಲ್ಲಿದೆ, ಅರ್ಥಶಾಸ್ತ್ರದಲ್ಲಿದೆ, ರಾಜಕೀಯ ಅಧ್ಯಯನದಲ್ಲಿದೆ. ಕಂಪ್ಯೂಟರಿನಲ್ಲಿ ಕಾರ್ಯತಂತ್ರ, ನಿರ್ಧಾರ ಎಂಬ ಪದಗಳನ್ನಷ್ಟೇ ಹುಡುಕುವವರಿಗೆ ಅದು ಸಿಗುವುದೇ ಇಲ್ಲ.

ಮಹಾರಾಷ್ಟ್ರದ ಸಹಕಾರಿ ಸಕ್ಕರೆ ಕಾರ್ಖಾನೆಗಳ ರಾಜಕಾರಣದ ಮೇಲೆ ಬಿ.ಎಸ್. ಬಾವಿಸ್ಕರ್ ಬರೆದ ಪುಸ್ತಕ 1980ರಲ್ಲಿ ಬಂತು. ಮಾನವಶಾಸ್ತ್ರಜ್ಞ ಡೊನಾಲ್ಡ್ ಅಟ್ವುಡ್ 1992ರಲ್ಲಿ, ದೊಡ್ಡ ಹಿಡುವಳಿದಾರರೂ ಸಣ್ಣ ರೈತರೂ ಕೈಜೋಡಿಸಿದ್ದರಿಂದಲೇ ಪಶ್ಚಿಮ ಮಹಾರಾಷ್ಟ್ರದ ಸಹಕಾರಿಗಳು ನಿಂತವು ಎಂದು ವಾದಿಸಿದರು. 2001ರಲ್ಲಿ ಅಭಿಜಿತ್ ಬ್ಯಾನರ್ಜಿ, ದಿಲೀಪ್ ಮುಖರ್ಜಿ, ಕೈವನ್ ಮುನ್ಶಿ, ದೇಬರಾಜ್ ರೇ ನಾಲ್ವರೂ ಸೇರಿ 1971ರಿಂದ 1993ರವರೆಗಿನ, ಸುಮಾರು ನೂರು ಸಹಕಾರಿ ಕಾರ್ಖಾನೆಗಳ ಅಂಕಿಅಂಶ ಇಟ್ಟುಕೊಂಡು ಆ ಕೈಜೋಡಣೆಯ ಇನ್ನೊಂದು ಮುಖ ತೋರಿಸಿದರು. ಕಾರ್ಖಾನೆಯ ಹಿಡಿತ ದೊಡ್ಡ ಬೆಳೆಗಾರರ ಕೈಯಲ್ಲಿದ್ದಾಗ ಅವರಿಗೆ ಕಬ್ಬಿನ ದರ ಏರಿಸುವುದರಲ್ಲಿ ಆಸಕ್ತಿ ಕಡಿಮೆ. ದರ ಏರಿದರೆ ಲಾಭ ಎಲ್ಲ ಸದಸ್ಯರಿಗೂ ಹಂಚಿಹೋಗುತ್ತದೆ. ದರ ತಗ್ಗಿಸಿ ಹಣ ಕಾರ್ಖಾನೆಯಲ್ಲೇ ಉಳಿಸಿದರೆ ಅದು ಯಾವ ದಾರಿ ಹಿಡಿಯಬೇಕೆಂದು ತೀರ್ಮಾನಿಸುವವರು ತಾವೇ. ಭೂಮಿಯ ಹಂಚಿಕೆಗೂ ಕಬ್ಬಿನ ದರಕ್ಕೂ ಹೀಗೆ ಸಂಬಂಧವಿದೆ ಎಂದು ಅವರು ಲೆಕ್ಕದಲ್ಲಿ ತೋರಿಸಿದರು. 2012ರಲ್ಲಿ ಸಂದೀಪ್ ಸುಖಟಣಕರ್, ರಾಜಕಾರಣಿಗಳ ಹಿಡಿತದ ಕಾರ್ಖಾನೆಗಳು ಚುನಾವಣೆಯ ವರ್ಷ ರೈತರಿಗೆ ಕಡಿಮೆ ದರ ಕೊಡುತ್ತವೆ ಎಂದು ಪತ್ತೆ ಹಚ್ಚಿದರು.

ಇದಕ್ಕಿಂತ ನೇರವಾಗಿ ವ್ಯವಹಾರ ನಿರ್ಧಾರದ ಬಗ್ಗೆ ಮಾತಾಡುವ ಸಂಶೋಧನೆ ಯಾವುದಿದೆ? ಕಂಪನಿ ಎಂದರೆ ಹಿತಾಸಕ್ತಿಗಳ ಕೂಟ ಎಂದು 1963ರಲ್ಲಿ ಸೈರ್ಟ್ ಮತ್ತು ಮಾರ್ಚ್ ಹೇಳಿದ ಮಾತಿಗೆ ಇದು ಪಕ್ಕದ ರಾಜ್ಯದಿಂದ ಬಂದ ಸಾಕ್ಷಿ. ಈ ಎರಡು ಕಪಾಟುಗಳನ್ನು ಒಂದೇ ಪುಟಕ್ಕೆ ತರುವ ಸಮೀಕ್ಷೆಯನ್ನು ಬೈಲಹೊಂಗಲದ ಸಂಶೋಧನಾರ್ಥಿ ಬರೆದರೆ ಅದು ದೊಡ್ಡ ಕೆಲಸ. ಆತನಿಗೆ ಇನ್ನೊಂದು ಅನುಕೂಲವೂ ಇದೆ. ಮಹಾರಾಷ್ಟ್ರದ ಅಧ್ಯಯನಗಳೆಲ್ಲ ಹೆಚ್ಚಾಗಿ ಸಹಕಾರಿಗಳನ್ನು ನೋಡಿದವು. ನಮ್ಮ ನಾಲ್ಕು ತಾಲೂಕುಗಳಲ್ಲಿ ಮಾಲೀಕತ್ವದ ಮಾದರಿಗಳೇ ಹಲವು: ಸದಸ್ಯರ ಸಹಕಾರಿ, ಶುದ್ಧ ಖಾಸಗಿ, ಸಹಕಾರಿಯಾಗಿ ಹುಟ್ಟಿ, ಖಾಸಗಿ ಕಂಪನಿಗೆ ಭೋಗ್ಯಕ್ಕೆ ಹೋದ ರಾಮದುರ್ಗದ ಖಾನಪೇಟದ ಧನಲಕ್ಷ್ಮಿಯಂಥವು, ಷೇರುಪೇಟೆಗೆ ಹೋದ ಕಂಪನಿ. ನೀರು, ಮಣ್ಣು, ಕಾನೂನು ಹೆಚ್ಚುಕಡಿಮೆ ಒಂದೇ. ನಿರ್ಧರಿಸುವವರು ಮಾತ್ರ ಬೇರೆ. ಇಷ್ಟು ಒಳ್ಳೆಯ ಹೋಲಿಕೆ ಹುಡುಕಿದರೂ ಸಿಗುವುದು ಕಷ್ಟ.

ಷೇರುಪೇಟೆಗೆ ಹೋದ ಕಂಪನಿ ಎಂದರೆ ಶ್ರೀ ರೇಣುಕಾ ಶುಗರ್ಸ್. ವಿದ್ಯಾ ಮುರಕುಂಬಿ ಮತ್ತು ನರೇಂದ್ರ ಮುರಕುಂಬಿ 1998ರಲ್ಲಿ ಆಂಧ್ರದ ಹಿಂದೂಪುರದಲ್ಲಿದ್ದ ನಿಜಾಮ್ ಶುಗರ್ಸ್‌ನ ಘಟಕ ಕೊಂಡು, ಅದನ್ನು ಸವದತ್ತಿ ತಾಲೂಕಿನ ಮುನವಳ್ಳಿಗೆ ತಂದು ನಿಲ್ಲಿಸಿದರು. ಕಬ್ಬು ಬೆಳೆಗಾರರಿಗೂ ಷೇರು ಕೊಟ್ಟರು. 2005ರಲ್ಲಿ ಕಂಪನಿ ಷೇರುಪೇಟೆಗೆ ಹೋಯಿತು, ಹಾಲ್ದಿಯಾದಲ್ಲಿ ಶುದ್ಧೀಕರಣ ಘಟಕ ಕಟ್ಟಿತು, 2009-10ರಲ್ಲಿ ಬ್ರೆಜಿಲ್‌ನ ವಾಲೆ ದೊ ಇವಾಯಿ ಮತ್ತು ಎಕಿಪಾವ್ ಕಂಪನಿಗಳನ್ನು ಹಿಡಿಯಿತು. 2015ರ ಹೊತ್ತಿಗೆ ಬ್ರೆಜಿಲ್ ಘಟಕಗಳು ಸಾಲದ ಭಾರದಲ್ಲಿ ಅಲ್ಲಿಯ ನ್ಯಾಯಾಲಯದ ರಕ್ಷಣೆ ಕೇಳಬೇಕಾಯಿತು. 2018ರಲ್ಲಿ ಕಂಪನಿಯ ಹಿಡಿತ ಸಿಂಗಪುರದ ವಿಲ್ಮಾರ್‌ಗೆ ಹೋಯಿತು.

ಇದನ್ನು ಬರೀ ಏಳುಬೀಳಿನ ಕಥೆಯಾಗಿ ಹೇಳಿದರೆ ಸಂಶೋಧನೆಯಾಗದು. ಗ್ರಹಾಂ ಆಲಿಸನ್ 1971ರಲ್ಲಿ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟನ್ನು ಮೂರು ಬೇರೆಬೇರೆ ಸಿದ್ಧಾಂತಗಳಿಂದ ಮೂರು ಸಲ ಓದಿ, ಪ್ರತಿ ಸಲವೂ ಬೇರೆ ಸಂಗತಿಗಳು ಎದ್ದು ಕಾಣುವುದನ್ನು ತೋರಿಸಿದ್ದ. ಬ್ರೆಜಿಲ್ ನಿರ್ಧಾರವನ್ನೂ ಹಾಗೆ ಓದಬೇಕು. ಕಂಪನಿಯ ಬಲ ಅದರ ಒಳಗಿನ ಸಂಪನ್ಮೂಲ, ಕೌಶಲಗಳಲ್ಲಿದೆ ಎನ್ನುವ ಬಾರ್ನಿಯ ಕಣ್ಣಿನಿಂದ ನೋಡಿದರೆ, ರೋಗಗ್ರಸ್ತ ಘಟಕವನ್ನು ಕೊಂಡು ಎಬ್ಬಿಸುವ ಕೌಶಲ ಕಂಪನಿಗೆ ಮುನವಳ್ಳಿಯಿಂದಲೇ ಇತ್ತು. ಆ ಕೌಶಲ ಸಾಗರದಾಚೆ ಹೋಗುತ್ತದೆಯೇ ಎಂಬುದು ಪ್ರಶ್ನೆ. ಕಂಪನಿ ಖರೀದಿಗಳಲ್ಲಿ ಮುಖ್ಯಸ್ಥರ ಅತಿವಿಶ್ವಾಸದ ಪಾತ್ರದ ಬಗ್ಗೆ ರಿಚರ್ಡ್ ರೋಲ್ 1986ರಲ್ಲಿ ಬರೆದುದನ್ನು ಹಿಡಿದರೆ ಪ್ರಶ್ನೆ ಬೇರೆ: ಕೊಟ್ಟ ಬೆಲೆ ಸರಿಯಿತ್ತೇ? ಹಾಕಿದ ದುಡ್ಡಿನ ಮೇಲೆ ಮತ್ತೆ ದುಡ್ಡು ಸುರಿಯುವ ಪ್ರವೃತ್ತಿಯನ್ನು ಬ್ಯಾರಿ ಸ್ಟಾ 1976ರಲ್ಲಿ ವಿವರಿಸಿದ್ದ. ಆ ದಾರಿಯಲ್ಲಿ ನೋಡಬೇಕಾದುದು 2010ರ ನಿರ್ಧಾರವಲ್ಲ, ಆಮೇಲಿನ ವರ್ಷಗಳದು. ಸಕ್ಕರೆಯ ಜಾಗತಿಕ ಬೆಲೆ, ಬ್ರೆಜಿಲ್ ಕರೆನ್ಸಿಯ ಕುಸಿತ ಇವೆಲ್ಲ ಯಾರ ಕೈಯಲ್ಲೂ ಇರಲಿಲ್ಲವಾದ್ದರಿಂದ, ಕೆಟ್ಟ ಫಲಿತಾಂಶದಿಂದ ಕೆಟ್ಟ ನಿರ್ಧಾರ ಎಂದು ಹಿಂದಕ್ಕೆ ಓದುವುದು ತಪ್ಪಾಗುತ್ತದೆ. ಈ ಎಚ್ಚರವನ್ನು ಕಲಿಸದ ಸಮೀಕ್ಷೆ ಅಪೂರ್ಣ.

ಗೆದ್ದವರ ಕಥೆಗೂ ಇದೇ ಎಚ್ಚರ ಬೇಕು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ ಇದೇ ಸೀಮೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಮುಂದೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಮಣ್ಣು ವಿಷವಾದೀತೆಂದು ರೈತರು ಹಿಂಜರಿದರು. ಬೆಳಗಾವಿಯಲ್ಲಿ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ಆಶ್ರಯದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಎಲ್ಲರೂ ಹೇಳುವ ಕಥೆ ಇದು. ಮಗ ಶಂತನುರಾವ್ ಆತ್ಮಕಥೆ ಬರೆದಿದ್ದಾರೆ. ಇಂಥ ಬರಹಗಳೂ ಸಾಹಿತ್ಯ ಸಮೀಕ್ಷೆಗೆ ಸಲ್ಲುತ್ತವೆ. ಆದರೆ ಅದೇ ಕಾಲದಲ್ಲಿ ನೇಗಿಲು ಮಾಡಲು ಹೋಗಿ ಅಂಗಡಿ ಮುಚ್ಚಿದವರು ಆತ್ಮಕಥೆ ಬರೆಯಲಿಲ್ಲ ಎಂಬುದನ್ನು ಸಮೀಕ್ಷೆ ಬರೆಯುವವರು ನೆನಪಿಡಬೇಕು.

ಇನ್ನು ಕೆಲಸದ ಬಗೆ. ವೈದ್ಯಕೀಯದಲ್ಲಿ ರೂಢಿಯಿದ್ದ ಕ್ರಮಬದ್ಧ ಸಮೀಕ್ಷೆಯನ್ನು ಟ್ರಾನ್‌ಫೀಲ್ಡ್ ಮತ್ತು ಸಂಗಡಿಗರು 2003ರಲ್ಲಿ ಮ್ಯಾನೇಜ್‌ಮೆಂಟಿಗೆ ತಂದರು. ಯಾವ ಭಂಡಾರದಲ್ಲಿ ಯಾವ ಪದ ಹಾಕಿ ಹುಡುಕಿದೆ, ಎಷ್ಟು ಸಿಕ್ಕವು, ಯಾವುದನ್ನು ಏಕೆ ಬಿಟ್ಟೆ ಎಂದು ದಾಖಲಿಸುವ ಪದ್ಧತಿ ಅದು. ಪ್ರಿಸ್ಮಾ ಎಂಬ ಮಾರ್ಗಸೂಚಿಯ 2020ರ ಆವೃತ್ತಿ ಈಗ ಎಲ್ಲೆಡೆ ಚಾಲ್ತಿಯಲ್ಲಿದೆ. ಶಿಸ್ತಿಗೆ ಇದು ಬೇಕು. ಆದರೆ ನಮ್ಮ ವಿಷಯಕ್ಕೆ ಇದೊಂದೇ ಸಾಲದು, ಏಕೆಂದರೆ ಹುಡುಕುವ ಪದವೇ ಕಪಾಟನ್ನು ನಿರ್ಧರಿಸುತ್ತದೆ. ಬಾವಿಸ್ಕರ್ ಆ ಜಾಲಕ್ಕೆ ಬೀಳುವುದಿಲ್ಲ. ಒಂದು ಒಳ್ಳೆಯ ಪ್ರಬಂಧ ಹಿಡಿದು ಅದರ ಉಲ್ಲೇಖಗಳನ್ನು ಹಿಂದಕ್ಕೂ, ಅದನ್ನು ಉಲ್ಲೇಖಿಸಿದವರನ್ನು ಮುಂದಕ್ಕೂ ಬೆನ್ನಟ್ಟುವ ಹಳೆಯ ದಾರಿಯನ್ನು ಜೊತೆಗೆ ಇಟ್ಟುಕೊಳ್ಳಬೇಕು. ಓದಿದ್ದನ್ನು ಲೇಖಕರ ಹೆಸರಿನಡಿ ಬರೆದುಕೊಳ್ಳದೆ ಪ್ರಶ್ನೆಯಡಿ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ: ದೊಡ್ಡ ಹಾಳೆಯ ಮೇಲಂಚಿಗೆ ಯಾರು ನಿರ್ಧರಿಸಿದರು, ಯಾವ ಮಾಹಿತಿ ಇತ್ತು, ಯಾರ ಹಿತ ಗೆದ್ದಿತು, ಸರ್ಕಾರದ ಪಾತ್ರವೇನು ಎಂಬ ಮನೆಗಳು, ಎಡಕ್ಕೆ ಲೇಖಕರು. ಎಲ್ಲಿ ಮನೆ ಖಾಲಿ ಉಳಿಯಿತೋ ಅಲ್ಲಿ ನಿಮ್ಮ ಪ್ರಬಂಧ ಶುರು. ಕೃತಕ ಬುದ್ಧಿಮತ್ತೆಯ ಸಾಧನಗಳು ಪಟ್ಟಿ ಮಾಡಿಕೊಡುತ್ತವೆ ನಿಜ. ಇಲ್ಲದ ಪ್ರಬಂಧಗಳಿಗೆ ಹೆಸರು, ಇಸವಿ ಕೂಡಿಸಿ ಕೊಡುವುದೂ ಉಂಟು. ಪ್ರತಿಯೊಂದನ್ನೂ ತೆರೆದು ಕಣ್ಣಾರೆ ಓದದೆ ಸೇರಿಸುವುದು ವೈವಾದ ದಿನ ಸಿಕ್ಕಿಬೀಳುವ ದಾರಿ.

ಭಂಡಾರಗಳಾಚೆಯೂ ಸಾಮಗ್ರಿ ಇದೆ. ಸಹಕಾರಿ ಕಾರ್ಖಾನೆಗಳು ಪ್ರತಿವರ್ಷ ಸರ್ವಸಾಧಾರಣ ಸಭೆಗೆ ಮುಂಚೆ ಸದಸ್ಯರಿಗಾಗಿ ಕನ್ನಡದಲ್ಲಿ ವಾರ್ಷಿಕ ವರದಿ ಅಚ್ಚು ಹಾಕಿಸುತ್ತವೆ. ನುರಿಸಿದ ಕಬ್ಬು, ಸಕ್ಕರೆ ಇಳುವರಿ, ಕಟಾವು-ಸಾಗಾಣಿಕೆ ವೆಚ್ಚ, ಸಾಲ, ಬಡ್ಡಿ ಎಲ್ಲ ಅದರಲ್ಲಿರುತ್ತದೆ. ಶೇರು ಇರುವ ಮನೆಗಳಲ್ಲಿ ಅಟ್ಟದ ಮೇಲೋ ಟ್ರಂಕಿನಲ್ಲೋ ಇಂಥವು ಸಿಗುವ ಸಂಭವವಿದೆ. ಹಳೆಯ ಒಂದು ವರದಿಯ ಪುಟ ತಿರುವಿ, ಅಧ್ಯಕ್ಷರ ಮಾತಿನಲ್ಲಿ ಹೊಸ ಯಂತ್ರಕ್ಕೆ ಕೊಟ್ಟ ಕಾರಣವನ್ನೂ, ಅದರ ಮುಂದಿನ ವರ್ಷಗಳ ಬಡ್ಡಿಯ ಸಾಲನ್ನೂ ಪಕ್ಕಪಕ್ಕ ಇಟ್ಟರೆ, ಆ ನಿರ್ಧಾರದ ಅರ್ಧ ಇತಿಹಾಸ ಅಲ್ಲೇ ಇದೆ. ಇವನ್ನು ಒಟ್ಟುಗೂಡಿಸಿ ಸ್ಕ್ಯಾನ್ ಮಾಡಿಡುವ ಕೆಲಸವನ್ನು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಲಿ, ಸಂಗೊಳ್ಳಿ ರಾಯಣ್ಣನ ಹೆಸರಿನ ಅದರ ಘಟಕ ಕಾಲೇಜಾಗಲಿ ಕೈಗೆತ್ತಿಕೊಂಡರೆ ಮುಂದಿನ ತಲೆಮಾರಿನ ಸಂಶೋಧಕರು ಋಣಿಯಾಗಿರುತ್ತಾರೆ. ಬೆಳಗಾವಿಯಲ್ಲೇ ಇರುವ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯ ಗ್ರಂಥಾಲಯಕ್ಕೆ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಹೋಗುವ ರೂಢಿ ಬೆಳೆಯಬೇಕು.

ಆಡಳಿತ ಮಂಡಳಿಯ ನಡಾವಳಿ ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಸರ್ಕಾರದ ಗಣನೀಯ ಹಣಕಾಸು ನೆರವಾಗಲಿ ಒಡೆತನವಾಗಲಿ ಇಲ್ಲದ ಸಹಕಾರಿ ಸಂಘಗಳು ಮಾಹಿತಿ ಹಕ್ಕು ಕಾಯ್ದೆಯ ಸಾರ್ವಜನಿಕ ಪ್ರಾಧಿಕಾರಗಳಲ್ಲ ಎಂದು ಕೇರಳದ ತಲಪ್ಪಾಲಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಆದರೆ ಅದೇ ತೀರ್ಪಿನಂತೆ, ಸಹಕಾರ ಸಂಘಗಳ ನಿಬಂಧಕರು ಕಾನೂನುಪ್ರಕಾರ ಪಡೆಯಬಹುದಾದ ಮಾಹಿತಿಯನ್ನು ಅವರಿಂದ ಕೇಳಬಹುದು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನಡಿ ನಡೆದ ವಿಚಾರಣೆಗಳ ವರದಿ, ಲೆಕ್ಕಪರಿಶೋಧನೆಯ ಟಿಪ್ಪಣಿ ಇವೆಲ್ಲ ಆ ಕಚೇರಿಯಲ್ಲಿರುತ್ತವೆ. ಕೋರ್ಸ್‌ವರ್ಕ್ ನಡೆಯುತ್ತಿರುವಾಗಲೇ ಅರ್ಜಿ ಹಾಕಿದರೆ, ಎರಡನೇ ಅಧ್ಯಾಯ ಬರೆಯುವ ಹೊತ್ತಿಗೆ ಕಾಗದಗಳು ಕೈಯಲ್ಲಿರುತ್ತವೆ.